ಹುಮನಾಬಾದ್–ಕಲಬುರಗಿ ಬಸ್ಸು, ವಯಾ ಇಂಗ್ಲೆಂಡ್

ಖೂಬಾ ಪ್ಲಾಟ್

ನಾನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾನು ಖೂಬಾ ಪ್ಲಾಟಿನ ಪುಟ್ಟ ಲ್ಯಾಬಿನಲ್ಲಿ ಮೇಣ, ಪ್ಲಾಸ್ಟರು ಹಿಡಿದುಕೊಂಡು ಕೂತು ಹಲ್ಲು ಜೋಡಿಸುತ್ತೇನೆ. ಕಲಬುರಗಿಯ ಎಷ್ಟೋ ಹಿರಿಯರು ನಾನು ಮಾಡಿದ ಹಲ್ಲಿನಿಂದ ರೊಟ್ಟಿ ಕಡಿಯುತ್ತಾರೆ, ಅದೇ ಹಲ್ಲು ಕಚ್ಚಿ ನನ್ನನ್ನು ಬೈಯುತ್ತಾರೆ.

ಈ ಕಸುಬಿನ ಸಣ್ಣ ಕುಂಚ, ಸಣ್ಣ ಅರ, ಮೇಣ ಕೆತ್ತುವ ಕಡ್ಡಿಗಳಿಂದಲೇ ನನಗೆ ಇನ್ನೊಂದು ಚಟ ಹತ್ತಿತು. ಬೆಂಕಿಪೊಟ್ಟಣದಷ್ಟು ಗಾತ್ರದ ಮಿಲಿಟರಿ ಗಾಡಿಗಳನ್ನು ಕಟ್ಟಿ ಬಣ್ಣ ಹಚ್ಚುವುದು. ಟ್ಯಾಂಕು, ಲಾರಿ, ಮೈತುಂಬ ಉಕ್ಕಿನ ತಗಡು ಹೊದ್ದ ಆರ್ಮರ್ಡ್ ಕಾರು. ಇಂಥವನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು ಸರಿಸಿ, ದಾಳ ಉರುಳಿಸಿ, ಹಳೆಯ ಯುದ್ಧಗಳನ್ನು ಮತ್ತೆ ಆಡುವ ಜನ ಜಗತ್ತಿನ ತುಂಬ ಇದ್ದಾರೆ. ಕಲಬುರಗಿಯಲ್ಲಿ ಮಾತ್ರ ಇಬ್ಬರೇ. ನಾನೊಬ್ಬ, ಮೋಮಿನಪುರದ ರಫೀಕ್‌ಭಾಯ್ ಇನ್ನೊಬ್ಬರು. ಅವರು ಲಾರಿಗಳಿಗೆ ಬಣ್ಣ ಬರೆಯುವವರು. ದೊಡ್ಡ ಲಾರಿಯ ಮೇಲೆ ನವಿಲು ಬರೆದು ದಣಿದ ಕೈಗೆ ಸಣ್ಣ ಲಾರಿಯ ಮೇಲೆ ತುಕ್ಕು ಬರೆಯುವುದು ವಿಶ್ರಾಂತಿ ಎನ್ನುತ್ತಾರೆ. ನನ್ನ ಹೆಂಡತಿ ಶಾಂತಾಳ ಪ್ರಕಾರ ಇದಕ್ಕೆ ಬೇರೆ ಹೆಸರಿದೆ, ಅದನ್ನು ಅಚ್ಚಿನಲ್ಲಿ ಹಾಕುವಂತಿಲ್ಲ.

ನಾವು ಫೋಟೋ ತೆಗೆದು ಅಂತರ್ಜಾಲದಲ್ಲಿ ಹಾಕಿದ್ದ ಗಾಡಿಗಳನ್ನು ನೋಡಿ ಇಂಗ್ಲೆಂಡಿನ ನಡುಭಾಗದ ಒಂದು ಸಣ್ಣ ಊರಿನ ಕ್ಲಬ್ಬಿನವರು ಕರೆ ಕಳಿಸಿದರು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಸೈನ್ಯ ಬಂತಲ್ಲ, ನಮ್ಮ ಹಿರಿಯರು ಪೊಲೀಸ್ ಆಕ್ಷನ್ ಎನ್ನುವುದು, ಅದನ್ನು ಮೇಜಿನ ಮೇಲೆ ಆಡಬೇಕಂತೆ. ಗಾಡಿ ನಮ್ಮವು, ಟಿಕೇಟು ಅವರದು. ನಾನು ಮೂಲತಃ ಕಮಲಾಪುರದವನು ಎಂದು ಬರೆದದ್ದೇ ತಪ್ಪಾಯಿತು. ಹಾಗಾದರೆ ಕಮಲಾಪುರದಲ್ಲೇ ಯುದ್ಧ ಇಟ್ಟುಕೊಳ್ಳೋಣ ಎಂದರು. ನಮ್ಮೂರಲ್ಲಿ ಯುದ್ಧವೇ ನಡೆದಿಲ್ಲ ಎಂದೆ. ನಡೆದಿದ್ದರೆ ಹೇಗಿರುತ್ತಿತ್ತು ಎಂದು ಆಡೋಣ ಎಂದರು. ಬಿಟ್ಟಿ ಟಿಕೇಟು ಬಂದಿರುವಾಗ ಚರಿತ್ರೆಯ ವಾದ ಮಾಡುವಷ್ಟು ಶಾಣ್ಯಾ ನಾನಲ್ಲ.

ರಫೀಕ್‌ಭಾಯ್ ಬರಲಿಲ್ಲ. ಮನೆಯಲ್ಲಿ ಅವರ ಅಬ್ಬಾಗೆ ಎಂಬತ್ತು ದಾಟಿದೆ, ಕಣ್ಣು ಮಂದ, ಬಿಟ್ಟು ಬರುವಂತಿಲ್ಲ. ಹೊರಡುವ ಮುನ್ನಾದಿನ ಅವರು ಲ್ಯಾಬಿಗೆ ಬಂದು ಅಂಗಿಯ ಜೇಬಿನಿಂದ ಅರಿವೆಯಲ್ಲಿ ಸುತ್ತಿದ ಒಂದು ಗಾಡಿ ತೆಗೆದರು. ಮಿಲಿಟರಿಯದಲ್ಲ. ನಿಜಾಮರ ಕಾಲದ ಕೆಂಪು ಬಸ್ಸು. ಉದ್ದ ಮೂತಿ, ಹಿಂದೆ ಏಣಿ, ಮೇಲೆ ಗಂಟುಮೂಟೆ. ಹಣೆಯ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ೭೮೬, ಬಿಸ್ಮಿಲ್ಲಾ ಎನ್ನುವುದರ ಬದಲು ಬರೆಯುವ ಶುಭದ ಅಂಕಿ.

ಅವರ ದಾದಾ, ಅಂದರೆ ಅಬ್ಬಾನ ತಂದೆ, ಬಸ್ಸಿನ ಡ್ರೈವರ್ ಆಗಿದ್ದದ್ದು ನನಗೆ ಗೊತ್ತಿತ್ತು. ಆ ಗದ್ದಲದ ದಿನಗಳಲ್ಲಿ ಒಮ್ಮೆ ಹುಮನಾಬಾದಿನಿಂದ ಬಸ್ಸು ಬಿಟ್ಟವರು ಕಲಬುರಗಿ ಸೇರಲಿಲ್ಲ. ಬಸ್ಸೂ ಸಿಗಲಿಲ್ಲ, ಅವರೂ ಸಿಗಲಿಲ್ಲ. ತಡೆದವರು ಯಾರು, ಯಾವ ಕಡೆಯವರು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಬ್ಬಾ ಆಗ ಸಣ್ಣವರು, ದಿನಾ ಸಂಜೆ ಗಲ್ಲಿಯ ಬಾಯಲ್ಲಿ ಕೂತು ಬಸ್ಸಿನ ದಾರಿ ನೋಡುತ್ತಿದ್ದರಂತೆ. ಬಸ್ಸಿನ ಬಣ್ಣ, ಮೂತಿ, ಏಣಿ ಎಲ್ಲವನ್ನೂ ಅವರ ಬಾಯಿಂದ ಕೇಳಿಯೇ ಮಗ ಇದನ್ನು ಮಾಡಿದ್ದು.

“ಬಸಣ್ಣ, ಖರೇಖರೇ ಇದು ಮುಟ್ಟಲಿಲ್ಲ. ನಿಮ್ಮ ಆಟದಾಗರ ಕಲಬುರಗಿ ಮುಟ್ಟಸ್ರಿ,” ಎಂದರು. “ಯಾರೂ ಗುಂಡ ಹೊಡೀಬಾರ್ದ್ ನೋಡ್ರಿ, ಅಷ್ಟ.”

ಆಯ್ತು ಎಂದೆ. ಆಟವಲ್ಲವೇ, ಅದೇನು ಮಹಾ ಎಂದುಕೊಂಡೆ.

ಹೈದರಾಬಾದಿನ ವಿಮಾನ ನಿಲ್ದಾಣ

ಇವು ಆಟದ ಸಾಮಾನಲ್ಲ, ಮಾಡೆಲ್ ಎಂದು ಮದುವೆಯಾದಾಗಿನಿಂದ ಶಾಂತಾಳಿಗೆ ಹೇಳುತ್ತ ಬಂದಿದ್ದೇನೆ. ತಪಾಸಣೆಯ ಪರದೆಯ ಮೇಲೆ ಸಾಲು ಸಾಲು ತೋಪಿನ ನಳಿಗೆಗಳು ಕಂಡು, ಬಂದೂಕು ಹಿಡಿದ ಜವಾನ ಇದೇನೆಂದು ಕೇಳಿದಾಗ, ನನ್ನ ಬಾಯಿಂದ ಮೊದಲು ಬಂದ ಮಾತು ‘ಖಿಲೋನಾ’. ವರ್ಷಗಟ್ಟಲೆ ಕಾಪಾಡಿದ ಮಾನ ಒಂದೇ ಮಾತಿಗೆ ಹೋಯಿತು. ಶಾಂತಾ ಅಲ್ಲಿರಲಿಲ್ಲವಲ್ಲ, ಅಷ್ಟೇ ಸಮಾಧಾನ.

ಜವಾನ ಡಬ್ಬಿ ತೆರೆಯಿಸಿ ಇಣುಕಿ ನೋಡಿ, ಮುಚ್ಚಿ, ಮೊಮ್ಮಕ್ಕಳಿಗಾ ಎಂದು ಕೇಳಿದ. ಹೌದೆಂದೆ. ಅವನು ಇಣುಕಿದಾಗ ನಾನೂ ಒಮ್ಮೆ ಇಣುಕಿದ್ದರೆ ಮುಂದಿನ ಅರ್ಧ ಕಥೆ ಇರುತ್ತಿರಲಿಲ್ಲ. ಆದರೆ ನಾನು ಆಗ ಬೂಟು ಹುಡುಕುತ್ತಿದ್ದೆ.

ಇಳಿದ ಕಡೆ

ನಮ್ಮ ಗಾಡಿಗಳಿಗೆ ಕೆಸರು ಮೆತ್ತುವಾಗ ಬಣ್ಣದ ಕೆಸರು ನನಗೆ ಒಗ್ಗುವುದಿಲ್ಲ. ಕಮಲಾಪುರದ ನಮ್ಮ ಹೊಲದ ಎರೆ ಮಣ್ಣನ್ನೇ ಅರಿವೆಯಲ್ಲಿ ಸೋಸಿ, ಅಂಟಿನಲ್ಲಿ ಕಲಸಿ ಹಚ್ಚುತ್ತೇನೆ. ಕಡೆಯ ಘಳಿಗೆಯ ರಿಪೇರಿಗೆಂದು ಒಂದು ಸಣ್ಣ ಬಾಟಲಿಯಲ್ಲಿ ಆ ಮಣ್ಣನ್ನು ಒಯ್ದಿದ್ದೆ. ಲಂಡನ್ನಿನಲ್ಲಿ ಕೈಗವಸು ಹಾಕಿಕೊಂಡ ಒಬ್ಬ ಹೆಣ್ಣುಮಗಳು ಅದನ್ನು ಬೆಳಕಿಗೆ ಹಿಡಿದು ಏನೆಂದು ಕೇಳಿದಳು. ಮಣ್ಣು ಎಂದೆ. ಯಾಕೆ ಎಂದಳು. ಗಾಲಿಗೆ ಹಚ್ಚಲು ಎಂದೆ. ಅವಳ ಮುಖದಲ್ಲಿ ನಗು ಬರಲಿಲ್ಲ. ಹೊರಗಿನ ಮಣ್ಣು ತಮ್ಮ ದೇಶಕ್ಕೆ ಬರುವಂತಿಲ್ಲ, ಅದರಲ್ಲಿ ಏನೇನು ಹುಳ ಇರುತ್ತವೋ ಎಂದು ಬಹಳ ಮರ್ಯಾದೆಯಿಂದ ತಿಳಿಸಿ ಬಾಟಲಿ ಇಟ್ಟುಕೊಂಡಳು. ನಮ್ಮ ಕಡೆ ಲಾರಿಗಟ್ಟಲೆ ಮಣ್ಣು ಹೋದರೂ ಯಾರೂ ಕೇಳುವುದಿಲ್ಲ, ಇಲ್ಲಿ ಒಂದು ಚಮಚಕ್ಕೆ ಇಷ್ಟು ವಿಚಾರಣೆ. ಇವರೇ ಹಿಂದೊಮ್ಮೆ ಪರರ ಮಣ್ಣಿನ ಮೇಲೆ ಅಷ್ಟು ಪ್ರೀತಿ ಇಟ್ಟವರು ಎಂದು ಹೇಳಬೇಕೆನಿಸಿತು. ಆದರೆ ಪಾಸ್‌ಪೋರ್ಟು ಅವಳ ಕೈಯಲ್ಲಿತ್ತು.

ಗ್ರಹಾಂನ ಮನೆ

ಕ್ಲಬ್ಬಿನ ಮುಖ್ಯಸ್ಥ ಗ್ರಹಾಂನ ಮನೆಯಲ್ಲಿ ಇಳಿದುಕೊಂಡೆ. ಎತ್ತರದ ಆಸಾಮಿ, ಮಾತಿಗಿಂತ ತಲೆ ಆಡಿಸುವುದೇ ಹೆಚ್ಚು. ಅವನ ಹೆಂಡತಿ ಜೋನ್ ಗಣಿತದ ಟೀಚರಾಗಿ ನಿವೃತ್ತಳಾದವಳು. ಯಾವಾಗಲೂ ಕೈಯಲ್ಲಿ ಉಲನ್ ಹೆಣಿಗೆ, ಬಾಯಲ್ಲಿ ‘ಸಾರಿ’. ಬಾಗಿಲು ತೆರೆಯುವಾಗ ಸಾರಿ, ಚಹಾ ಕೊಡುವಾಗ ಸಾರಿ, ನಾನೇ ಅವಳ ಕಾಲು ತುಳಿದಾಗಲೂ ಅವಳದೇ ಸಾರಿ. ನಮ್ಮ ಕಲಬುರಗಿ ಸ್ಟೇಷನ್ನಿನಲ್ಲಿ ಕಾಲು ತುಳಿದವನು, ನಿಮ್ಮ ಕಾಲು ಅಲ್ಲಿಗೆ ಯಾಕೆ ಬಂತು ಎನ್ನುವ ಹಾಗೆ ನೋಡುತ್ತಾನೆ. ಎರಡರ ನಡುವೆ ಎಲ್ಲಾದರೂ ಒಂದು ಒಳ್ಳೆಯ ದೇಶ ಇರಬಹುದು.

ಚಹಾ ಮುಗಿದ ಮೇಲೆ ಗಾಡಿಗಳ ಡಬ್ಬಿ ತೆರೆದೆ. ಪ್ರತಿಯೊಂದು ಟ್ಯಾಂಕಿನ, ಪ್ರತಿಯೊಂದು ಆರ್ಮರ್ಡ್ ಕಾರಿನ ಮೂತಿಯ ಮೇಲೆ ಕೆಂಪಗೆ ಒಂದು ಚುಕ್ಕೆ. ಕೆಂಪು ಬಸ್ಸನ್ನೂ ಬಿಟ್ಟಿರಲಿಲ್ಲ, ೭೮೬ರ ಪಕ್ಕದಲ್ಲೇ ಚುಕ್ಕೆ ಕೂತಿತ್ತು. ಬಣ್ಣದ ಮೇಲೆ ನಾನು ಹೊಡೆದಿದ್ದ ಹೊಳಪಿಲ್ಲದ ವಾರ್ನಿಶ್ ಅದನ್ನು ಚೆನ್ನಾಗಿ ಕುಡಿದುಬಿಟ್ಟಿತ್ತು. ಒರೆಸಿದರೆ ಹೋಗಲಿಲ್ಲ, ಇನ್ನಷ್ಟು ಹರಡಿತು.

ಶಾಂತಾಳಿಗೆ ಫೋನ್ ಮಾಡಿದೆ.

“ಹೊಸಾ ಗಾಡಿ ಪೂಜಿ ಮಾಡಲಾರದ ಊರ್ ದಾಟಸ್ತಾರೇನ್ರಿ ಯಾರರ?” ಎಂದಳು. “ನೀವು ಸ್ನಾನಕ್ಕ ಹೋದಾಗ ನೀರಾಗ ಕಲಸಿ ಕುಂಕುಮ ಹಚ್ಚೀನಿ. ಗಾಲಿ ಕೆಳಗ ಇಡಲಾಕ ಅಷ್ಟ್ ಸಣ್ಣ ನಿಂಬಿಹಣ್ಣ ಸಿಗಲಿಲ್ಲ ನೋಡ್ರಿ.”

ಅದೊಂದು ಕೊರತೆ ಉಳಿಯಿತೆಂದು ಅವಳಿಗೆ ನಿಜಕ್ಕೂ ಬೇಜಾರಾಗಿತ್ತು. ನಾನೂ ಕಡಿಮೆಯೇನಲ್ಲ. ನನ್ನ ಸ್ಕೂಟರ್ ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದವನು ನಾನೇ. ಕಮಲಾಪುರದಲ್ಲಿ ನಮ್ಮಣ್ಣ ರಾಶಿ ಯಂತ್ರಕ್ಕೂ ಹಾರ ಹಾಕುತ್ತಾನೆ.

ಎರೆ ಮಣ್ಣು ಹೋಗಿತ್ತಲ್ಲ, ದಾರಿಯಲ್ಲಿ ಉದುರಿದ ಕೆಸರಿಗೆ ಬದಲಿ ಬೇಕಿತ್ತು. ಗ್ರಹಾಂ ತಲೆ ಆಡಿಸಿ, ಅಡುಗೆಮನೆಯಿಂದ ಬಳಸಿ ಒಣಗಿಸಿದ ಕಾಫಿ ಪುಡಿ ತಂದ. ಅವರೆಲ್ಲ ಮಣ್ಣಿಗೆ ಅದನ್ನೇ ಅಂಟಿಸುವುದಂತೆ. ಹೀಗೆ ಕಮಲಾಪುರದ ಕೆಸರು ಜೋನಳ ಕಾಫಿಯಿಂದ ತಯಾರಾಯಿತು. ವಾಸನೆ ಮಾತ್ರ ನಮ್ಮ ಕೆಸರಿಗಿಂತ ಚೆನ್ನಾಗಿತ್ತು.

ಆಟದ ದಿನ, ಮುಂಜಾನೆ

ಚರ್ಚಿನ ಪಕ್ಕದ ಹಾಲ್ ತುಂಬ ಮೇಜುಗಳು, ಮೇಜುಗಳ ತುಂಬ ಯುದ್ಧಗಳು. ತಲೆ ನೆರೆತ ಗಂಡಸರು ಬಾಗಿ ನಿಂತು ಟೇಪು ಹಿಡಿದು ಅಳೆಯುತ್ತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ. ನಮ್ಮಲ್ಲಿ ಕೇರಂ ಆಡುವ ಕಡೆ ಇದಕ್ಕಿಂತ ಹೆಚ್ಚು ರಕ್ತಪಾತದ ಸದ್ದು ಇರುತ್ತದೆ.

ನಮ್ಮ ಮೇಜಿನ ಒಂದು ತುದಿ ಹುಮನಾಬಾದ್, ಇನ್ನೊಂದು ತುದಿ ಕಲಬುರಗಿ, ನಡುವೆ ಕಮಲಾಪುರ. ನಾನು ಹುಟ್ಟಿ ಬೆಳೆದ ಊರನ್ನು ಗ್ರಹಾಂ ಬಹಳ ಶ್ರದ್ಧೆಯಿಂದ ಕಟ್ಟಿದ್ದ. ಹಳದಿ ಮರಳು, ಖರ್ಜೂರದ ಗಿಡ, ಎರಡು ಒಂಟೆ. ನಮ್ಮೂರಲ್ಲಿ ಒಂಟೆ ಇಲ್ಲ ಎಂದೆ. ಗ್ರಹಾಂ ಸ್ವಲ್ಪ ಹೊತ್ತು ಯೋಚಿಸಿ ಒಂದು ಒಂಟೆ ತೆಗೆದ. ಮರಳಿನ ಮೇಲೆ ಕಾಫಿ ಪುಡಿ ಚೆಲ್ಲಿ ಎರೆ ಹೊಲ ಮಾಡಿಸಿದೆ. ಖರ್ಜೂರದ ಗಿಡಗಳನ್ನು ಕೀಳಿಸಿ ಬಾಳೆ ತೋಟ ನೆಟ್ಟೆ. ಗೊನೆಗಳಿಗೆ ನಮ್ಮೂರ ಬಾಳೆಯ ಕೆಂಪು ಬಣ್ಣವನ್ನೇ ಹಚ್ಚುತ್ತಿದ್ದಾಗ ಹಿಂದಿನಿಂದ ಒಬ್ಬ ಕೆಮ್ಮಿದ.

ಅವನು ಡೆರೆಕ್, ಆಟದ ಪಂಚ. ಗಾಡಿಗಳ ಮೇಲಿನ ರಿವೆಟ್ಟು ಎಣಿಸುವವನೆಂದು ಊರಿಗೆಲ್ಲ ಹೆಸರು. ಬಾಳೆಹಣ್ಣು ಹಳದಿ ಇರುತ್ತದೆ ಎಂದು ನನಗೆ ತಿಳಿಸಿದ. ಕಮಲಾಪುರದ್ದು ಕೆಂಪು ಎಂದೆ. ಫೋನಿನಲ್ಲಿ ಫೋಟೋ ತೋರಿಸಿದೆ. ನಿಮ್ಮ ಫೋನಿನಲ್ಲಿ ಬಣ್ಣ ಸರಿಯಾಗಿ ಬರುವುದಿಲ್ಲ ಎಂದ. ಕೊನೆಗೆ ಬಾಳೆ ಹಳದಿಯಾಯಿತು. ಅದಕ್ಕೆ ಬದಲಾಗಿ ನಾನು ಒಂದು ನಿಯಮ ಬರೆಸಿದೆ. ಸೈನ್ಯ ಬಂದದ್ದು ಮಳೆಗಾಲದಲ್ಲಿ, ನಮ್ಮ ಎರೆ ಮಳೆಯಲ್ಲಿ ಅಂಟಿನ ಹಾಗೆ. ಹಾಗಾಗಿ ರಸ್ತೆ ಬಿಟ್ಟು ಹೊಲಕ್ಕಿಳಿದ ಗಾಡಿ ಹೂತುಹೋಗಬೇಕು, ದಾಳದಲ್ಲಿ ಆರು ಬಿದ್ದರಷ್ಟೇ ಮೇಲೆ ಬರಬೇಕು. ಡೆರೆಕ್‌ಗೆ ಇದು ಬಹಳ ಹಿಡಿಸಿತು. ನನಗೂ ಬಹಳ ಹೆಮ್ಮೆಯಾಯಿತು, ಪರದೇಶದಲ್ಲಿ ನಮ್ಮ ಮಣ್ಣಿನ ಮಾನ ಕಾಯ್ದೆನಲ್ಲ ಎಂದು.

ಆಮೇಲೆ ಬಸ್ಸಿನ ವಿಚಾರ ಬಂತು. ನನ್ನ ಎದುರು ಆಡುವವಳು ಜೋನ್. ನನ್ನ ಪಾಲಿಗೆ ಭಾರತದ ಸೈನ್ಯ, ಅವಳ ಪಾಲಿಗೆ ಹೈದರಾಬಾದಿನದು. ಗ್ರಹಾಂನ ತೀರ್ಮಾನ ಸರಳ. ಬಸ್ಸು ನಿಜಾಮರದು, ಆದ್ದರಿಂದ ಅದು ಜೋನ್ ಕಡೆಯ ಗಾಡಿ, ಅದನ್ನು ಹೊಡೆದರೆ ನನಗೆ ಅಂಕ. ರಫೀಕ್‌ಭಾಯ್‌ಗೆ ಕೊಟ್ಟ ಮಾತು ನೆನಪಾಯಿತು. ಅವರ ದಾದಾನ ಬಸ್ಸಿಗೆ ಗುಂಡು ಹೊಡೆಯಲು ನಾನೇ ವಿಮಾನ ಹತ್ತಿ ಬಂದಂತಾಯಿತು. ಬಸ್ಸು ಆಟದಲ್ಲಿ ಬೇಡ ಎಂದೆ. ಮೇಜಿನ ಮೇಲೆ ಇಟ್ಟ ಗಾಡಿ ತೆಗೆಯುವಂತಿಲ್ಲ, ಅದೂ ನಿಯಮವೇ.

ಅಷ್ಟರಲ್ಲಿ ಡೆರೆಕ್ ಭೂತಗನ್ನಡಿ ತೆಗೆದು ಬಸ್ಸಿನ ಹಣೆ ನೋಡಿದ. ಆಮೇಲೆ ನನ್ನ ಟ್ಯಾಂಕುಗಳ ಮೂತಿ ನೋಡಿದ. ಈ ಕೆಂಪು ಗುರುತು ಏನು ಎಂದು ಕೇಳಿದ. ಪ್ರಯಾಣ ಸುಸೂತ್ರವಾಗಲೆಂದು ಹಚ್ಚುವುದು ಎಂದೆ. ಯಾವಾಗ ಹಚ್ಚುತ್ತೀರಿ ಎಂದ. ದಸರೆಯ ಖಂಡೆ ಪೂಜೆಗೆ ಎಂದು ಬಾಯಿ ಜಾರಿತು. ಡೆರೆಕ್ ಹುಬ್ಬು ಗಂಟಿಕ್ಕಿದ. ದಸರಾ ಬರುವುದು ಆ ಸೈನ್ಯದ ಕೆಲಸ ಮುಗಿದ ಮೇಲೆ ಎಂದು ಅವನಿಗೆ ಗೊತ್ತಿತ್ತು. ಊರು ಬಿಡುವಾಗಲೂ ಹಚ್ಚುತ್ತೇವೆ ಎಂದು ಸರಿಪಡಿಸಿದೆ. ಹಚ್ಚಿದವರಿಗೆ ಅಧಿಕಾರ ಇತ್ತೇ ಎಂದು ಕೇಳಿದ. ನಮ್ಮ ಮನೆಯಲ್ಲಿ ಅವಳಿಗಿಂತ ಮೇಲಿನ ಅಧಿಕಾರ ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದೆ.

ಹಾಗಿದ್ದರೆ ಇದು ಪಡೆಯ ಗುರುತು ಎಂದು ತೀರ್ಪು ಕೊಟ್ಟ. ಒಂದೇ ಗುರುತಿನ ಗಾಡಿಗಳೆಲ್ಲ ಒಂದೇ ಸೈನ್ಯದವು ಎಂದು ಕ್ಲಬ್ಬಿನ ನಿಯಮವಿದೆ, ಹಾಗಾಗಿ ಬಸ್ಸು ನನ್ನ ಕಡೆಗೆ ಸೇರಬೇಕು. ಪಕ್ಕದ ೭೮೬ ಏನೆಂದೂ ವಿವರಿಸಹೋದೆ. ಅದು ಗಾಡಿಯ ನಂಬರು ಎಂದು ಆಗಲೇ ಬರೆದುಕೊಂಡಿದ್ದ.

ಶಾಂತಾಳ ಕುಂಕುಮಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಬಸ್ಸು ಈಗ ನನ್ನದು, ನಾನಂತೂ ಹೊಡೆಯಬೇಕಿಲ್ಲ. ಆ ಖುಷಿಯಲ್ಲಿ, ಅದನ್ನು ಈಗ ಜೋನ್ ಹೊಡೆಯಬಹುದು ಎಂಬುದು ತಡವಾಗಿ ಹೊಳೆಯಿತು.

ಆಟದ ದಿನ, ಮಧ್ಯಾಹ್ನ

ನನ್ನ ಕೆಲಸ ಬಹಳ ಸುಲಭದ್ದು. ಗಾಡಿಗಳನ್ನು ಹುಮನಾಬಾದ್ ತುದಿಯಿಂದ ರಸ್ತೆ ಹಿಡಿದು ಓಡಿಸಿ ಕಲಬುರಗಿ ತುದಿ ಮುಟ್ಟಿಸಿದರೆ ಗೆಲುವು. ಹಿಂತಿರುಗಿ ನೋಡದೆ ನೇರ ಹೋಗಿದ್ದರೆ ಚಹಾದ ಹೊತ್ತಿಗೆ ಮುಗಿಯುತ್ತಿತ್ತು. ಆದರೆ ಬಸ್ಸಿನ ವೇಗ ಉಳಿದ ಗಾಡಿಗಳ ಅರ್ಧ. ಈ ಒಂದು ವಿಷಯದಲ್ಲಿ ಅವರ ನಿಯಮ ನಮ್ಮ ರಸ್ತೆಯನ್ನು ಸರಿಯಾಗಿ ಅರಿತಿತ್ತು.

ಹಳದಿ ಬಾಳೆ ತೋಟದಲ್ಲಿ ಜೋನ್ ಒಂದು ತೋಪು ಅಡಗಿಸಿದ್ದಳು. ಉಲನ್ ಕೆಳಗಿಟ್ಟು, ನನ್ನ ಮುಖ ನೋಡಿ, “ಸಾರಿ” ಎಂದು ದಾಳ ಉರುಳಿಸಿದಳು. ಮುಂದಿದ್ದ ಆರ್ಮರ್ಡ್ ಕಾರು ಹೋಯಿತು. ಗ್ರಹಾಂ ಅದರ ಮೇಲೆ ಹೊಗೆಯೆಂದು ಒಂದು ಚೂರು ಅರಳೆ ಇಟ್ಟ. ಆಮೇಲೆ ತೋಪಿನ ಬಾಯಿ ಬಸ್ಸಿನ ಕಡೆ ತಿರುಗಿತು.

ಬಸ್ಸಿಗೂ ತೋಪಿಗೂ ನಡುವೆ ಅಡ್ಡ ನಿಲ್ಲಿಸಲು ಇನ್ನೊಂದು ಕಾರನ್ನು ಹೊಲಕ್ಕಿಳಿಸಿದೆ. ಹೂತುಹೋಯಿತು. ಆರು ಬೀಳಲಿಲ್ಲ. ಸಾರಿ, ದಾಳ, ಅರಳೆ. ಮತ್ತೊಂದನ್ನು ಇಳಿಸಿದೆ. ಅದೂ ಹೂತಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದನ್ನು ನಾನು ಇಷ್ಟು ಬೇಗ ಉಂಡಿದ್ದು ಅದೇ ಮೊದಲು. ನಮ್ಮ ಮಣ್ಣಿನ ಮಾನ ಕಾಯಲು ನಾನೇ ಬರೆಸಿದ ನಿಯಮದಲ್ಲಿ ನನ್ನ ಸೈನ್ಯ ಒಂದೊಂದಾಗಿ ಹೂತು ಕೂತು ಗುಂಡು ತಿನ್ನುತ್ತಿತ್ತು. ಬಸ್ಸು ಮಾತ್ರ ಅದರ ನೆರಳಿನಲ್ಲಿ ಗೇಣು ಗೇಣು ಮುಂದೆ ಸಾಗುತ್ತಿತ್ತು.

ಬೇರೆ ಮೇಜಿನವರೂ ಬಂದು ಸುತ್ತ ನಿಂತರು. ಟ್ಯಾಂಕು ಕೊಟ್ಟು ಬಸ್ಸು ಉಳಿಸುವ ಸೇನಾಪತಿಯನ್ನು ಅವರು ಯಾವ ಯುದ್ಧದಲ್ಲೂ ಕಂಡಿರಲಿಲ್ಲ. ಬಸ್ಸಿಗೆ ಅಂಕವೇ ಇಲ್ಲ ಎಂದು ಡೆರೆಕ್ ಎರಡು ಸಲ ನೆನಪಿಸಿದ. ಗೊತ್ತು ಎಂದೆ.

ಕಮಲಾಪುರದ ಮನೆಗಳು ಇನ್ನೊಂದು ಗೇಣು ಇದ್ದಾಗ ನನ್ನ ಬಳಿ ಒಂದೇ ಟ್ಯಾಂಕು ಉಳಿದಿತ್ತು. ನಾನು ಕಟ್ಟಿದ್ದರಲ್ಲೇ ಒಳ್ಳೆಯದು. ಅದರ ಸರಪಳಿಯ ಒಂದೊಂದು ಕೊಂಡಿಯನ್ನೂ ಮೇಣದ ಕಡ್ಡಿಯಿಂದ ತಿದ್ದಿದ್ದೆ. ರಸ್ತೆ ಖಾಲಿ ಇತ್ತು. ಅದನ್ನೊಂದು ಓಡಿಸಿದ್ದರೂ ಕಲಬುರಗಿ ತುದಿ ಮುಟ್ಟಿ ಪಂದ್ಯ ಸಮವಾಗುತ್ತಿತ್ತು. ಅದನ್ನು ಎತ್ತಿ ಬಸ್ಸಿನ ಪಕ್ಕಕ್ಕೆ, ತೋಪಿನ ಎದುರಿಗೆ ಇಟ್ಟೆ.

ಸಾರಿ ಎಂದಳು ಜೋನ್. ಅರಳೆ ಬಂತು. ನನ್ನ ಸರದಿಯಲ್ಲಿ ಬಸ್ಸು ಕಮಲಾಪುರದ ಮನೆಗಳ ಮರೆಗೆ ಸೇರಿತು. ಅಷ್ಟರಲ್ಲಿ ಹಾಲ್ ಕಾಯುವವನು ಕುರ್ಚಿ ಮಡಿಸಲು ಶುರುಮಾಡಿದ, ಹೊತ್ತು ಮುಗಿಯಿತು.

ಹೈದರಾಬಾದಿಗೆ ಜಯ ಎಂದು ಡೆರೆಕ್ ಘೋಷಿಸಿದ. ಆ ಊರಿನ ಮಟ್ಟಿಗೆ ಕಲಬುರಗಿ ಇನ್ನೂ ನಿಜಾಮರದೇ. ಎಲ್ಲರೂ ಬಂದು ನನ್ನ ಬೆನ್ನು ತಟ್ಟಿ, ಗಾಡಿಗಳಿಗೆ ಬಣ್ಣ ಬಹಳ ಚೆನ್ನಾಗಿ ಹಚ್ಚಿದ್ದೀರಿ ಎಂದರು. ಯುದ್ಧದ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅದು ಅವರ ಸೌಜನ್ಯ.

ಡಬ್ಬಿ ಕಟ್ಟುವಾಗ ಜೋನ್ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಆ ಬಸ್ಸಿನಲ್ಲಿ ಯಾರಿದ್ದರು?”

ಹೇಳಿದೆ. ಡ್ರೈವರು, ಹುಮನಾಬಾದ್, ಗಲ್ಲಿಯ ಬಾಯಲ್ಲಿ ಕೂತ ಮಗ. ಆಕೆ ಬಸ್ಸನ್ನು ತಾನೇ ಅರಿವೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಸಾರಿ ಎನ್ನಲಿಲ್ಲ. ಅಲ್ಲಿದ್ದಷ್ಟು ದಿನದಲ್ಲಿ ಆಕೆ ಆ ಮಾತು ಹೇಳದಿದ್ದದ್ದು ಅದೊಂದೇ ಸಲ.

ಹುಮನಾಬಾದ್, ಕಮಲಾಪುರ

ಹೋಗುವಾಗ ರೈಲಿನಲ್ಲಿ ಹೈದರಾಬಾದಿಗೆ ಹೋಗಿದ್ದೆ. ಬರುವಾಗ ರೈಲಿನಲ್ಲಿ ಜಾಗ ಸಿಗಲಿಲ್ಲ, ಬಸ್ಸು ಹತ್ತಿದೆ. ಮಾತು ಉಳಿಸಿಕೊಳ್ಳಲಾಗದವನ ಮೋರೆ ಹೊತ್ತು ಕಿಟಕಿಗೆ ಆತುಕೊಂಡು ಕೂತಿದ್ದೆ. ಕಲಬುರಗಿ ಮುಟ್ಟಿಸುತ್ತೇನೆಂದು ಹೇಳಿ ಕಮಲಾಪುರದಲ್ಲಿ ಬಿಟ್ಟು ಬಂದಿದ್ದೆ. ರಫೀಕ್‌ಭಾಯ್‌ಗೆ ಏನು ಹೇಳುವುದು ಎನ್ನುವುದೇ ದಾರಿಯುದ್ದಕ್ಕೂ ಚಿಂತೆ.

ಬಸ್ಸು ಒಂದು ಕಡೆ ನಿಂತಾಗ ಕಂಡಕ್ಟರು ಹುಮನಾಬಾದ್, ಹುಮನಾಬಾದ್ ಎಂದು ಕೂಗಿದ. ತಲೆಯೆತ್ತಿ ನೋಡಿದೆ. ಈ ಬಸ್ಸು ಹೋಗುವ ದಾರಿ ಯಾವುದೆಂದು ಆಗ ತಲೆಗೆ ಹೋಯಿತು. ಅಷ್ಟು ದೂರ ಸಮುದ್ರ ದಾಟಿ ಹೋಗಿ ಒಂದು ಮೇಜಿನ ಮೇಲೆ ನಾನು ಹುಡುಕಿದ್ದ ರಸ್ತೆ ನಾನು ಕೂತ ಬಸ್ಸಿನ ಗಾಲಿಯ ಕೆಳಗೇ ಇತ್ತು. ಮೇಲಿನಿಂದ ಡಬ್ಬಿ ಇಳಿಸಿ, ಕೆಂಪು ಬಸ್ಸನ್ನು ತೆಗೆದು, ಅಂಗೈಯ ಮೇಲೆ ಮೂತಿ ಮುಂದೆ ಮಾಡಿ ಇಟ್ಟುಕೊಂಡೆ.

ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತ ಹೆಣ್ಣುಮಗಳು ಸ್ವಲ್ಪ ಹೊತ್ತು ನೋಡಿ, “ಮೊಮ್ಮಗಗ ಒಯ್ಲಾಕತ್ತೀರೇನ್ರಿ?” ಎಂದಳು.

“ಇಲ್ಲವ್ವಾ, ಹಿರ್ಯಾರೊಬ್ಬರಿಗಿ,” ಎಂದೆ.

ರಸ್ತೆಯ ಎರಡೂ ಕಡೆ ತೊಗರಿ ಎದೆಮಟ್ಟ ಬೆಳೆದು ನಿಂತಿತ್ತು. ದಾದಾನ ಬಸ್ಸು ಯಾವ ತಿರುವಿನಲ್ಲಿ ನಿಂತಿತೋ, ಯಾವ ಹಳ್ಳದ ಬಳಿ ಅವರನ್ನು ಇಳಿಸಿದರೋ ಎಂದು ನೋಡುತ್ತ ಕೂತೆ. ಹೊಲ ಹೊಲದ ಹಾಗೇ ಇತ್ತು. ಕಮಲಾಪುರ ಇನ್ನೇನು ಬಂತು ಎನ್ನುವಾಗ ನಮ್ಮ ಬಸ್ಸು ಪಂಕ್ಚರಾಯಿತು. ಎಲ್ಲರೂ ಇಳಿದು ಡ್ರೈವರನ್ನು ಬೈದರು. ನಾನು ಬೈಯಲಿಲ್ಲ.

ಕಮಲಾಪುರದ ಸ್ಟ್ಯಾಂಡಿನಲ್ಲಿ ಬುಟ್ಟಿ ತುಂಬ ಕೆಂಪು ಬಾಳೆಹಣ್ಣು ಬಂದವು. ಡೆರೆಕ್ ಇದ್ದಿದ್ದರೆ ಎಲ್ಲಕ್ಕೂ ತಪ್ಪು ಬಣ್ಣ ಬಿದ್ದಿದೆ ಎನ್ನುತ್ತಿದ್ದ. ಇಲ್ಲಿಂದ ಮುಂದೆ ಅಂಗೈ ಅಲುಗಿಸದೆ ಕೂತೆ. ಮೇಜಿನ ಮೇಲೆ ಆಗದೆ ಉಳಿದ ದಾರಿ ಇದೇ ಆಗಿತ್ತು.

ಮೋಮಿನಪುರ

ಮನೆಗೆ ಹೋಗದೆ ನೇರ ಮೋಮಿನಪುರಕ್ಕೆ ಆಟೋ ಹಿಡಿದೆ. ಸಂಜೆಯಾಗಿತ್ತು. ಅಬ್ಬಾ ಗಲ್ಲಿಯ ಕಡೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದರು. ರಫೀಕ್‌ಭಾಯ್ ಬಾಗಿಲಲ್ಲೇ ನನ್ನ ಕೈ ನೋಡಿದರು. ಯಾರು ಗೆದ್ದರು ಎಂದು ಕೇಳಲಿಲ್ಲ.

“ಎಲ್ಲಿತನ ಬಂತ್ರಿ, ಬಸಣ್ಣ?”

“ಆಟದಾಗ ಕಮಲಾಪುರ ತನಾ ಬಂತ್ರಿ. ಗುಂಡ ಬಡೀಲಿಲ್ಲ,” ಎಂದೆ. “ಆದ್ರ ಹುಮನಾಬಾದದಿಂದ ಇಲ್ಲಿತನಾ ಅದೇ ರೋಡಿಗಿ ನಾ ಕೈಯಾಗ ಹಿಡ್ಕೊಂಡ್ ಬಂದೀನಿ.”

ಅವರು ತಲೆ ತಗ್ಗಿಸಿ ದಾರಿ ಬಿಟ್ಟರು. ನಾನು ಬಸ್ಸನ್ನು ಅಬ್ಬಾನ ಕೈಯಲ್ಲಿಟ್ಟೆ. ಅವರು ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಮೂತಿ ಸವರಿದರು, ಹಿಂದಿನ ಏಣಿ ಮುಟ್ಟಿದರು. ಕುಂಕುಮದ ಮೇಲೆ ಬೆರಳು ಒಂದು ಕ್ಷಣ ನಿಂತು ಮುಂದೆ ಹೋಯಿತು. ಅವರ ಬಾಯಲ್ಲಿದ್ದ, ನಾನೇ ಮಾಡಿದ ಹಲ್ಲು ಒಂದಕ್ಕೊಂದು ತಾಗಿ ಸಣ್ಣ ಸದ್ದಾಯಿತು.

“ಹುಮನಾಬಾದ್ ಗಾಡಿ,” ಎಂದರು. “ಭಾಳ ಲೇಟ್ ಮಾಡಿತು.”

ರಫೀಕ್‌ಭಾಯ್ ಗೋಡೆಯ ಕಡೆ ತಿರುಗಿಕೊಂಡರು. ಅಬ್ಬಾ ಒಳಗಿನ ಕಡೆ ಮುಖ ಮಾಡಿ ಸೊಸೆಗೆ ಕೇಳುವ ಹಾಗೆ ದನಿ ಏರಿಸಿದರು.

“ಡ್ರೈವರಗ ಚಹಾ ಕೊಡ್ರಿ.”

ಚಹಾ ನನ್ನ ಮುಂದೆ ಬಂತು. ದೂರದಿಂದ ಗಾಡಿ ಹೊಡೆದುಕೊಂಡು ಬಂದವನ ಹಾಗೆ ಕೂತು ಕುಡಿದೆ.